ಕಾಸಿಲ್ಡಾ ಗುಡಿಸದೆ ಕಾಯುವ ಅಂಗಳ

ನಮ್ಮ ಬೇಟೆ ಬಿಡಾರದ ಊಟದ ಮನೆಯ ಗೋಡೆ ತುಂಬ ಫೋಟೋಗಳಿವೆ. ಎಲ್ಲದರಲ್ಲೂ ಅದೇ ನೋಟ: ಕೆಳಗೆ ಮಲಗಿದ ಬೂರಾ, ಅದರ ಕೊಂಬು ಹಿಡಿದು ಹಲ್ಲು ಕಿರಿಯುತ್ತಿರುವ ಯಾರೋ ಅಮೆರಿಕದ ಬೇಟೆಗಾರ, ಪಕ್ಕದಲ್ಲಿ ಮಂಡಿಯೂರಿದ ನಾನೋ ಲಿಬ್ರಾದೊನೋ. ಬೂರಾ ಎಂದರೆ ಕತ್ತೆಕಿವಿಯ ದೊಡ್ಡ ಜಿಂಕೆ. ಸೊನೋರಾದ ಈ ಮರಳುಗಾಡಿನಲ್ಲಿ ಅದಕ್ಕಿಂತ ಜಾಣ ಪ್ರಾಣಿ ಇನ್ನೊಂದಿಲ್ಲ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇಷ್ಟೊಂದು ಫೋಟೋಗಳ ನಡುವೆ ಕಾಸಿಲ್ಡಾಳದು ಒಂದೂ ಇಲ್ಲ. ಕ್ಯಾಮೆರಾ ಎತ್ತಿದವರಿಗೆ ಆಕೆ ಸೌಟು ಎತ್ತುತ್ತಾಳೆ. ಹಾಗಾಗಿ ಆಕೆಯ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಗುಮಾರೊ, ಜಾಡುಗಾರ. ಮರಳಿನ ಮೇಲೆ ಬೂರಾದ ಗೊರಸಿನ ಗುರುತು ಹಿಡಿದು ಬೇಟೆಗಾರನನ್ನು ಅದರ ಹತ್ತಿರಕ್ಕೆ ಕರೆದೊಯ್ಯುವುದು ನನ್ನ ಕಸುಬು. ಲಿಬ್ರಾದೊನ ಕಸುಬೂ ಅದೇ. ಕಾಸಿಲ್ಡಾ ಅವನ ಹೆಂಡತಿ, ಬಿಡಾರದ ಅಡುಗೆಯಾಕೆ. ಅವರ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ ಮಗುವನ್ನು ಎತ್ತಿಕೊಂಡು ನಿಂತವನು ನಾನು. ಅವತ್ತಿನಿಂದ ಅವನು ನನಗೆ ಕಂಪಾದ್ರೆ, ಆಕೆ ಕೊಮಾದ್ರೆ. ಆ ನಂಟು ಬೆಳೆದ ಮೇಲೆ ಏಕವಚನ ಸಲ್ಲದು ಎನ್ನುವುದು ನಮ್ಮ ಕಡೆಯ ರೂಢಿ. ಚಡ್ಡಿ ಹಾಕುವ ಕಾಲದ ಗೆಳೆಯನಾದರೂ ಸರಿ, ಬೈಯುವಾಗಲೂ ಬಹುವಚನವೇ. "ನೀವು ಶುದ್ಧ ಕತ್ತೆ, ಕಂಪಾದ್ರೆ" ಎಂದು ಲಿಬ್ರಾದೊ ನನಗೆ ಎಷ್ಟು ಮರ್ಯಾದೆಯಿಂದ ಹೇಳುತ್ತಾನೆಂದರೆ ಕೇಳಿದವರಿಗೆ ಬಿರುದು ಕೊಟ್ಟ ಹಾಗೆ ಅನ್ನಿಸಬೇಕು.

ಕಾಸಿಲ್ಡಾ ಮರಳುಗಾಡಿನವಳಲ್ಲ. ಸಮುದ್ರದ ದಂಡೆಯ ಮೀನುಗಾರರ ಮನೆಯ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಜಾಲಿಮರ ಯಾವುದು, ಕಬ್ಬಿಣಮರ ಯಾವುದು ಎಂದೂ ಆಕೆಗೆ ತಿಳಿಯುತ್ತಿರಲಿಲ್ಲ. ಗಿಲಕಿ ಹಾವಿನ ಸದ್ದು ಕೇಳಿ ಯಾರೋ ಮಗುವನ್ನು ಆಟವಾಡಿಸುತ್ತಿದ್ದಾರೆ ಅಂದುಕೊಂಡಿದ್ದಳಂತೆ. ಅದನ್ನು ಕೇಳಿದ ಅತ್ತೆ ಎದೆ ಬಡಿದುಕೊಂಡು ಸೊಸೆಯ ಕೈಗೆ ಪೊರಕೆ ಕೊಟ್ಟಳು. "ಸಂಜೆ ಅಂಗಳ ಗುಡಿಸು, ಬೆಳಿಗ್ಗೆ ಎದ್ದು ನೋಡು. ರಾತ್ರಿ ಯಾರು ಬಂದ್ರು, ಯಾರು ಹೋದ್ರು, ಯಾರು ಬಂದು ಹೊಸ್ತಿಲ ಕೆಳಗೇ ಮಲಗಿದಾರೆ ಅಂತ ಅಂಗಳಾನೇ ಹೇಳುತ್ತೆ" ಎಂದಳು.

ಇದು ಇಲ್ಲಿನ ಎಲ್ಲ ಹೆಂಗಸರೂ ಮಾಡುವ ಕೆಲಸವೇ. ಕಾಸಿಲ್ಡಾ ಅದನ್ನು ವ್ರತದ ಹಾಗೆ ಹಿಡಿದಳು. ಸಂಜೆ ಪಾತ್ರೆಯೆಲ್ಲ ತೊಳೆದಾದ ಮೇಲೆ ನೀರು ಚಿಮುಕಿಸಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ತನ್ನ ಹೆಜ್ಜೆಯೂ ಉಳಿಯದ ಹಾಗೆ ಗುಡಿಸುತ್ತಾಳೆ. ಗುಡಿಸಿದ ಮೇಲೆ ಯಾರೂ ಅಂಗಳ ದಾಟುವಂತಿಲ್ಲ, ಬೇಲಿಯ ಪಕ್ಕ ಸುತ್ತಿಕೊಂಡು ಹೋಗಬೇಕು. ಟೆಕ್ಸಾಸಿನ ಒಬ್ಬ ಸಾಹುಕಾರ ಇದನ್ನು ಕೇಳಿ ನಕ್ಕು ನಡುಮಧ್ಯೆ ದಾಟಿದ. ಮಾರನೆಯ ಬೆಳಿಗ್ಗೆ ಅವನ ತಟ್ಟೆಯ ಬೀನ್ಸಿನಲ್ಲಿ ಚಿಲ್ತೆಪಿನ್ ಮೆಣಸು ಎಷ್ಟಿತ್ತೋ, ಮಧ್ಯಾಹ್ನದವರೆಗೂ ಅವನು ಬಾಯಿ ಮುಚ್ಚಿದ್ದನ್ನು ನಾನು ಕಾಣಲಿಲ್ಲ.

ಬೆಳಿಗ್ಗೆ ಕಾಫಿ ಇಳಿಸಿ, ತೋಳಿನ ಮೇಲೆ ಹಿಟ್ಟನ್ನು ಬಡಿದು ಬಡಿದು ಸೆರಗಿನಗಲದ ತೊರ್ತಿಯಾ ರೊಟ್ಟಿ ಮಾಡುತ್ತಲೇ ಆಕೆ ಅಂಗಳದ ಸುದ್ದಿ ಓದುತ್ತಾಳೆ. "ನರಿ ಬಂದಿತ್ತು, ಕೋಳಿಗೂಡಿಗೆ ಮೂಸಿ ಹೋಗಿದೆ. ಕಂಪಾದ್ರೆ, ನೀವು ನಿನ್ನೆ ಬೇಲಿ ಹಿಡ್ಕೊಂಡು ಎರಡು ಕಡೆ ನಿಂತಿದ್ರಿ. ಬಕಾನೋರಾ ಸಾರಾಯಿ ಬಾಟ್ಲಿ ಯಾರು ತಂದಿದ್ದು?"

"ನಾನು ಚುಕ್ಕಿ ನೋಡ್ತಾ ನಿಂತಿದ್ದೆ, ಕೊಮಾದ್ರೆ."

"ಹೌದೌದು. ಚುಕ್ಕಿ ನೋಡೋರ ಹಿಮ್ಮಡಿ ಅಷ್ಟು ಹೂತುಹೋಗಲ್ಲ."

ನನಗೆ ಹೆಂಡತಿ ಮಕ್ಕಳಿಲ್ಲ. ಇಂಥ ಬೈಗುಳ ನನಗೆ ಸಿಗುತ್ತಿದ್ದದ್ದು ಆ ಅಡುಗೆಮನೆಯ ಬಾಗಿಲಲ್ಲಿ ಮಾತ್ರ.

ಇನ್ನು ಲಿಬ್ರಾದೊನ ವಿಷಯ. ಜಾಡುಗಾರನಿಗೆ ಕಣ್ಣು ಮುಖ್ಯ ಎಂದು ಹೊರಗಿನವರು ತಿಳಿಯುತ್ತಾರೆ. ಕಣ್ಣು ಯಾರಿಗೂ ಇರುತ್ತದೆ, ಬೇಕಾದದ್ದು ಪಾದ. ಬೂರಾದ ಕಿವಿ ಹಾಗಿರುವಾಗ ಒಂದು ಕಡ್ಡಿ ಮುರಿದರೂ ಇಡೀ ದಿನದ ದುಡಿಮೆ ಮಣ್ಣುಪಾಲು. ನಮ್ಮಲ್ಲಿ ಒಬ್ಬನನ್ನು ಹೀಯಾಳಿಸಬೇಕಾದರೆ "ಅವನ ಹೆಜ್ಜೆ ಭಾರ" ಎಂದರೆ ಸಾಕು, ಬೇರೆ ಬೈಗುಳ ಬೇಡ. ಲಿಬ್ರಾದೊನ ಹೆಜ್ಜೆ ಬೆಕ್ಕಿನದು ಎಂದು ಸುತ್ತಲಿನ ಎಲ್ಲ ಬಿಡಾರಗಳಲ್ಲೂ ಮಾತಿತ್ತು. ಕೆಲವು ಕಡೆಯ ಜಾಡುಗಾರರು ಕೊನೆಯ ಗಳಿಗೆಯಲ್ಲಿ ಬೂಟಿನ ಕೆಳಗೆ ಕುರಿಯ ತುಪ್ಪಟವಿರುವ ಚರ್ಮ ಕಟ್ಟಿಕೊಳ್ಳುತ್ತಾರೆ, ಸದ್ದಾಗದಿರಲಿ ಎಂದು. ಅಂಥವರನ್ನು ಕಂಡರೆ ಲಿಬ್ರಾದೊನಿಗೆ ಎಲ್ಲಿಲ್ಲದ ತಾತ್ಸಾರ. "ಕೋಳಿ ಕದಿಯೋರು ಕಟ್ಟೋದು ಅದು" ಎನ್ನುತ್ತಿದ್ದ.

ಒಂದು ವರ್ಷ ಜನವರಿಯಲ್ಲಿ ವೆಂಡೆಲ್ ಬಂದಿದ್ದ. ಐಡಹೋದ ಕಡೆಯ ಮುದುಕ, ಲಾರಿ ಓಡಿಸಿ ಬದುಕು ಕಳೆದವನು, ದಪ್ಪ ಹೊಟ್ಟೆ, ಮೃದು ಸ್ವಭಾವ. ಅವನಿಗೆ ನಮ್ಮ ಭಾಷೆಯಲ್ಲಿ ಬರುತ್ತಿದ್ದದ್ದು "ಗ್ರಾಸಿಯಾಸ್", ಅಂದರೆ ಧನ್ಯವಾದ, ಅದೊಂದೇ. ಕಾಫಿ ಕೊಟ್ಟರೂ ಗ್ರಾಸಿಯಾಸ್, ಮುಳ್ಳು ಚುಚ್ಚಿದರೂ ಗ್ರಾಸಿಯಾಸ್. ಹಿಂದೆಯೂ ಬಂದು ಬರಿಗೈಯಲ್ಲಿ ಹೋಗಿದ್ದ, ಆದರೂ ಮುಖ ಸಿಂಡರಿಸಿದವನಲ್ಲ. ಈ ಸಲ ಹೇಗಾದರೂ ಇವನಿಗೆ ಒಂದು ಒಳ್ಳೆಯ ಬೂರಾ ತೋರಿಸಲೇಬೇಕೆಂದು ಲಿಬ್ರಾದೊ ಹಟ ತೊಟ್ಟಿದ್ದ.

ಬೇಟೆಯ ಕೊನೆಗೆ ಒಂದೇ ದಿನ ಉಳಿದಿತ್ತು. ಅವತ್ತು ಬೆಳಿಗ್ಗೆ ನೀರಿನ ಕಟ್ಟೆಯ ಹತ್ತಿರ ಒಂದು ಗಂಡಿನ ಜಾಡು ಸಿಕ್ಕಿತು. ಗೊರಸು ಎಷ್ಟು ಅಗಲವಿತ್ತೆಂದರೆ ಲಿಬ್ರಾದೊ ಟೋಪಿ ತೆಗೆದು ನಿಂತ. ನಾವು ಮೂವರೂ ಅದರ ಹಿಂದೆ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ವೆಂಡೆಲ್‌ನ ಹಿಮ್ಮಡಿ ಬೊಬ್ಬೆಯೆದ್ದು ಒಡೆದು ಅವನು ಹೆಜ್ಜೆ ಇಡಲಾಗದೆ ಕೂತ. ಜಾಡು ಮಾತ್ರ ಹಸಿಯಾಗಿತ್ತು, ಪ್ರಾಣಿ ಹತ್ತಿರವೇ ಎಲ್ಲೋ ನೆರಳಲ್ಲಿ ಮಲಗಿದೆ ಎಂದು ಇಬ್ಬರಿಗೂ ಗೊತ್ತಾಗಿತ್ತು.

"ನೀವು ಇವರ ಜೊತೆ ಇಲ್ಲೇ ಇರಿ, ಕಂಪಾದ್ರೆ. ಅದು ಎಲ್ಲಿ ಮಲಗಿದೆ ಅಂತ ನೋಡ್ಕೊಂಡು ಬಂದ್ಬಿಡ್ತೀನಿ. ಕಾಲಿಗೆ ಏನಾದ್ರೂ ಸುತ್ತಿ, ಅಷ್ಟರಲ್ಲಿ ಏಳ್ತಾರೆ."

"ನೀರು ತಗೊಂಡು ಹೋಗಿ."

"ಹೋಗಿ ಬರೋ ದಾರಿಗೆ ನೀರ್ಯಾಕೆ? ಇವರಿಗೆ ಇಡಿ" ಎಂದು ಬಾಟಲಿಯನ್ನು ವೆಂಡೆಲ್‌ನ ತೊಡೆಯ ಮೇಲಿಟ್ಟು ಹೋದ.

ಹೋದವನು ಬರಲಿಲ್ಲ. ನೆರಳು ಸರಿದು ಉದ್ದವಾಯಿತು. ನಾನು ಗಾಳಿಯಲ್ಲಿ ಗುಂಡು ಹಾರಿಸಿದೆ, ಕೂಗಿದೆ, ಮರುದನಿ ಬರಲಿಲ್ಲ. ಅವನ ಬೂಟಿನ ಗುರುತು ನನಗೆ ನನ್ನ ಅಂಗೈಯಷ್ಟೇ ಪರಿಚಯ: ಎಡ ಹಿಮ್ಮಡಿಯಲ್ಲಿ ಒಂದು ಮೂಲೆ ಹಾರಿಹೋಗಿದೆ. ಆ ಗುರುತು ಹಿಡಿದು ಹೋದರೆ ದೊಡ್ಡದೊಂದು ಕಬ್ಬಿಣಮರದ ಬುಡದವರೆಗೆ ಚೆನ್ನಾಗಿಯೇ ಇತ್ತು. ಅಲ್ಲಿ ಕೂತಿದ್ದ, ಪೃಷ್ಠದ ಅಚ್ಚು ಬಿದ್ದಿತ್ತು. ಅದರಾಚೆ ಏನೂ ಇಲ್ಲ. ಬರಿಯ ಮರಳು. ಮರದ ಸುತ್ತ ಸುತ್ತು ಹಾಕಿದೆ, ಸುತ್ತನ್ನು ದೊಡ್ಡದು ಮಾಡಿದೆ, ಇಷ್ಟು ವರ್ಷ ಕಲಿತ ವಿದ್ಯೆಯನ್ನೆಲ್ಲ ಸುರಿದೆ. ಮನುಷ್ಯ ರೆಕ್ಕೆ ಕಟ್ಟಿಕೊಂಡು ಹಾರಿಹೋದ ಹಾಗಿತ್ತು. ಅಷ್ಟರಲ್ಲಿ ಗಾಳಿಯೂ ಎದ್ದಿತು. ಜನವರಿಯ ರಾತ್ರಿಗಳಲ್ಲಿ ಇಲ್ಲಿ ತೊಟ್ಟಿಯ ನೀರಿನ ಮೇಲೆ ಕೆನೆಯ ಹಾಗೆ ಮಂಜುಗಡ್ಡೆ ಕಟ್ಟುತ್ತದೆ, ಅವನ ಮೈಮೇಲೆ ಇದ್ದದ್ದು ಒಂದು ತೆಳು ಜಾಕೀಟು.

ಸಂಜೆ ವೆಂಡೆಲ್‌ನಿಗೆ ಹೆಗಲು ಕೊಟ್ಟು ನಡೆಸಿಕೊಂಡು ಬಿಡಾರಕ್ಕೆ ಬಂದೆ. ಯಜಮಾನ ದೊನ್ ರುತೀಲಿಯೊ ಗಾಡಿಗಳನ್ನು ಕಳಿಸಿದರು, ಹಾರ್ನ್ ಹೊಡೆಸಿದರು, ಬೆಳಗಾಗುವವರೆಗೂ ಅಲ್ಲಲ್ಲಿ ಬೆಂಕಿ ಹಾಕಿಸಿದರು. ಕಾಸಿಲ್ಡಾಳಿಗೆ ಮಾತ್ರ ಯಾರೂ ಸರಿಯಾಗಿ ಏನೂ ಹೇಳಲಿಲ್ಲ. ಹೆಂಗಸಿಗೆ ಯಾಕೆ ಗಾಬರಿ ಎಂದು ನಾವು ಗಂಡಸರು ಗುಸುಗುಸು ಮಾತಾಡಿಕೊಂಡೆವು. "ಸ್ವಲ್ಪ ದೂರ ಹೋಗಿದಾರೆ, ಬರ್ತಾರೆ" ಎಂದೆ. ಆಕೆ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ಅವತ್ತು ಅಂಗಳ ಗುಡಿಸಲಿಲ್ಲ.

ಬೆಳಕು ಹರಿಯುವಾಗ ನಾನು ಗಾಡಿ ಹತ್ತಲು ಬಂದರೆ ಆಕೆ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಡಿಲಲ್ಲಿ ನೀರಿನ ಕ್ಯಾನು, ಒಂದು ಕಂಬಳಿ.

"ಕೊಮಾದ್ರೆ, ನೀವು ಇಲ್ಲೇ ಇರಿ."

"ಗುರುತು ಎಲ್ಲಿ ಕಡೀತು?"

"ಅದು... ಗಾಳಿ ಬೀಸಿತ್ತು..."

"ಗುಮಾರೊ! ಗಂಡ ನನ್ನೋನು. ಎಲ್ಲಿ ಕಡೀತು ಅಂತ ಕೇಳ್ತಿದೀನಿ."

ಹೇಳಿದೆ. ಕಬ್ಬಿಣಮರದ ಬುಡ, ಕೂತಿದ್ದ ಅಚ್ಚು, ಆಮೇಲೆ ಏನೂ ಇಲ್ಲದ್ದು, ಎಲ್ಲವನ್ನೂ. ಆಕೆ ಕಣ್ಣು ಮುಚ್ಚಿದಳು. ಏನೋ ಒಂದನ್ನು ನುಂಗಲೋ ಉಗುಳಲೋ ಎಂದು ತೂಗುವ ಹಾಗಿತ್ತು ಮುಖ.

"ಯಾರಿಗೂ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಆ ಮಾತು ಹಾಳಾಗಿ ಹೋಗ್ಲಿ. ಅವನು ಅಲ್ಲಿ ಕೂತು ಚರ್ಮ ಕಟ್ಕೊಂಡಿದಾನೆ."

"ಯಾವ ಚರ್ಮ?"

"ಕುರಿ ಚರ್ಮ! ನಾನೇ ಹೊಲಿದುಕೊಟ್ಟಿದ್ದು. ಮಂಡಿ ಹೋಗಿದೆ ಕಂಪಾದ್ರೆ ಅವನಿಗೆ. ಹೆಜ್ಜೆ ಭಾರ ಆಗಿದೆ. ಹೋದ ವರ್ಷ ಎರಡು ಬೂರಾ ಅವನ ಸದ್ದಿಗೇ ಎದ್ದು ಹೋದ್ವು. ನಿಮ್ಮ ಮುಂದೆ ಮಾತ್ರ ತಿಳೀಬಾರ್ದು ಅಂತ ಜಾಕೀಟಿನೊಳಗೆ ಇಟ್ಕೊಂಡು ಹೋಗ್ತಾನೆ. ನೀವು ಬೂಟು ಹುಡುಕ್ತಾ ಕೂತ್ರೆ ಅವನೆಲ್ಲಿ ಸಿಗ್ತಾನೆ?"

ಆ ಮರದಾಚೆ ಉರುಟುರುಟಾಗಿ ಸವರಿದ ಹಾಗೆ ಕೆಲವು ಗುರುತು ಕಂಡಿದ್ದು ಆಗ ನೆನಪಿಗೆ ಬಂತು. ಯಾವುದೋ ಹಳೆಯ ದನದ ಹೆಜ್ಜೆಯ ಮೇಲೆ ಗಾಳಿ ಆಡಿದೆ ಅಂದುಕೊಂಡು ಅದರ ಮೇಲೇ ಓಡಾಡಿದ್ದೆ.

ಮರದ ಹತ್ತಿರ ಗಾಡಿ ನಿಲ್ಲಿಸಿದೆವು. ದೊನ್ ರುತೀಲಿಯೊ ಇದ್ದರು. ಬೇಡವೆಂದರೂ ಕೇಳದೆ, ಕಾಲಿಗೆ ಬಟ್ಟೆ ಸುತ್ತಿಕೊಂಡು, ಬಂದೂಕು ಹೆಗಲಿಗೇರಿಸಿ ವೆಂಡೆಲ್ ಕೂಡ ಬಂದಿದ್ದ. ಕಾಸಿಲ್ಡಾ ಎಲ್ಲರನ್ನೂ ತನ್ನ ಹಿಂದೆ ನಿಲ್ಲಿಸಿದಳು, ಗುಡಿಸಿದ ಅಂಗಳದ ಆಚೆ ನಿಲ್ಲಿಸುವಾಗಿನ ಅದೇ ಗದರಿಕೆಯಲ್ಲಿ. ಸೂರ್ಯ ಇನ್ನೂ ಕೆಳಗಿದ್ದ. ಆಕೆ ಬಿಸಿಲಿಗೆ ಎದುರಾಗಿ ಬಾಗಿ, ತಲೆ ವಾರೆ ಮಾಡಿ, ನೆಲದ ಉದ್ದಕ್ಕೂ ನೋಡಿದಳು.

"ಸಂಜೆ ನೀವೆಲ್ಲ ಉಂಡು ಹೋದ್ಮೇಲೆ, ಗುಡಿಸೋ ಮುಂಚೆ ಅಂಗಳದಲ್ಲಿ ಇದನ್ನ ಕಟ್ಕೊಂಡು ಅಭ್ಯಾಸ ಮಾಡ್ತಿದ್ದ" ಎಂದಳು, ನಮಗೆ ಹೇಳಿದ್ದೋ ತನಗೋ ತಿಳಿಯದ ಹಾಗೆ. "ಬಲಗಾಲು ಹೊರಕ್ಕೆ ತಿರುಗುತ್ತೆ. ಹೇಸರಗತ್ತೆ ಒದ್ದ ಕಾಲು. ಚರ್ಮ ಕಟ್ಟಿದ್ರೂ ಕಾಲು ಅದೇ ತಾನೆ."

ಬಯಲಿನಲ್ಲಿ ಗಾಳಿ ಎಲ್ಲವನ್ನೂ ಅಳಿಸಿತ್ತು. ಆದರೆ ಚೋಯಾ ಕಳ್ಳಿಯ ಪೊದೆಗಳ ಸಾಲಿಗೆ ಬಂದಾಗ ಆಕೆ ಕೂಗಿದಳು. ಮುಳ್ಳಿನ ತುದಿಯಲ್ಲಿ ಕಂದು ಬಣ್ಣದ ಒಂದು ಎಳೆ ಉಣ್ಣೆ. "ನಮ್ಮ ಕಂದು ಕುರೀದು!" ಮುಂದಿನ ಪೊದೆಯಲ್ಲಿ ಇನ್ನೊಂದು ಎಳೆ. ಆಮೇಲೆ ಒಣಹಳ್ಳ. ಹಳ್ಳದ ದಡದ ಮರೆಯಲ್ಲಿ, ಗಾಳಿ ತಾಗದ ಕಡೆ, ಉರುಟಾದ ಮೆತ್ತನೆಯ ಹೆಜ್ಜೆಗಳು ಸಾಲಾಗಿ ಕೂತಿದ್ದವು, ಬಲಗಾಲಿನದು ಹೊರಕ್ಕೆ ತಿರುಗಿಕೊಂಡು. ಆ ಸಾಲು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಂದ ಮುಂದೆ ಆಕೆ ಬಲಗಡೆ, ನಾನು ಎಡಗಡೆ, ಜಾಡನ್ನು ನಡುವೆ ಬಿಟ್ಟುಕೊಂಡು ಓಡುವ ಹಾಗೆ ನಡೆದೆವು.

ಹಳ್ಳ ಹತ್ತಿದ ಮೇಲೆ ಹಳೆಯ ಕಾಲದವರು ಚಿನ್ನಕ್ಕಾಗಿ ತೋಡಿ ಬಿಟ್ಟುಹೋದ ಗುಂಡಿಗಳಿರುವ ಜಾಗ. ಅವನ್ನು ಮುಳ್ಳುಗಿಡ ಮುಚ್ಚಿರುತ್ತದೆ. ಒಂದರ ಅಂಚು ಹೊಸದಾಗಿ ಕುಸಿದಿತ್ತು, ಗಿಡ ಮುರಿದಿತ್ತು. ಕಾಸಿಲ್ಡಾ ಅಂಚಿನವರೆಗೂ ಹೋಗಲಿಲ್ಲ. ಅಲ್ಲೇ ನಿಂತು ಕೂಗಿದಳು.

"ಮುದುಕಾ!"

ಆಕೆಯ ಕೈ ನನ್ನ ತೋಳನ್ನು ಹಿಡಿದಿತ್ತು, ಉಗುರು ನಾಟಿತ್ತು.

"ಮುದುಕಾ, ಇದೀಯೇನೋ?"

ಕೆಳಗಿನಿಂದ ಒಡಕು ದನಿ ಬಂತು. "ಯಾರ್ಯಾರು ಬಂದಿದೀರಿ?"

"ಎಲ್ಲಾರೂ."

"ಗುಮಾರೊನೂ?"

"ಅವರೂ ಇದಾರೆ."

ಆಮೇಲೆ ಕೆಳಗೆ ಏನೋ ಸರಸರ ಬಿಚ್ಚುವ, ತುರುಕುವ ಸದ್ದು. ನಾನು ಬಾಗಿ ನೋಡಿದೆ. ಎರಡಾಳು ಆಳದಲ್ಲಿ, ಮೊಣಕಾಲ ಕೆಳಗೆ ಕಾಲು ಸೊಟ್ಟಗಾಗಿ, ತುಟಿ ಬಿರಿದು ಬಿದ್ದುಕೊಂಡ ನನ್ನ ಕಂಪಾದ್ರೆ ಕುರಿ ಚರ್ಮವನ್ನು ಜಾಕೀಟಿನೊಳಗೆ ಬಚ್ಚಿಡುತ್ತಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಬಚ್ಚಿಡಬೇಡ" ಎಂದು ಕಾಸಿಲ್ಡಾ ಅಂಚಿಗೆ ಬಂದು ಬಗ್ಗಿ ಹೇಳಿದಳು. ಈಗ ಆಕೆ ಅಳುತ್ತಿದ್ದಳು. "ಎಲ್ಲಾರಿಗೂ ಹೇಳ್ಬಿಟ್ಟಿದೀನಿ. ಕೈಗೆ ಹಾಕ್ಕೋ ಅದನ್ನ, ಬೆರಳು ನೀಲಿ ಆಗಿದೆ."

ಹಗ್ಗ ಕಟ್ಟಿ ನಾನು ಇಳಿದೆ. ನೀರು ಕುಡಿಸಿದೆ. ಅವನು ನನ್ನ ಮುಖ ನೋಡದೆ, "ನೀವು ನಗ್ತೀರಿ ಅಂತ ಗೊತ್ತಿತ್ತು, ಕಂಪಾದ್ರೆ" ಎಂದ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಹೋದ ಜೀವ ಬಂದ ಹಾಗಾಗಿತ್ತು. "ನೀವು ಶುದ್ಧ ಕತ್ತೆ" ಎಂದು ಅವನನ್ನು ತಬ್ಬಿಕೊಂಡೆ.

ಅವನನ್ನು ಮೇಲಕ್ಕೆಳೆದು ಕಂಬಳಿಯಲ್ಲಿ ಮಲಗಿಸಿ ನಾಲ್ಕು ಮೂಲೆಗೆ ನಾಲ್ವರು ಹಿಡಿದು ಹೊರಟೆವು. ಹಳ್ಳದ ತಿರುವಿನಲ್ಲಿ, ಕಲ್ಲೆಸೆತದ ದೂರದಲ್ಲಿ, ಬೂರಾ ನಿಂತಿತ್ತು. ಅದೇ ಅಗಲ ಗೊರಸಿನದು. ಕೊಂಬು ಜಾಲಿಯ ಕೊಂಬೆಯ ಹಾಗೆ ಹರಡಿತ್ತು. ವೆಂಡೆಲ್ ಇಷ್ಟು ವರ್ಷ ಕಾದ ಪ್ರಾಣಿ, ಅಡ್ಡ ನಿಂತು ನಮ್ಮನ್ನೇ ನೋಡುತ್ತಿದೆ. ಬಂದೂಕು ವೆಂಡೆಲ್‌ನ ಬೆನ್ನ ಮೇಲೆ, ಎರಡೂ ಕೈ ಕಂಬಳಿಯ ಮೂಲೆಯಲ್ಲಿ.

"ಹೊಡೀರಿ!" ಎಂದು ಕಂಬಳಿಯೊಳಗಿನಿಂದ ಲಿಬ್ರಾದೊ ಉಸುರಿದ. "ನನ್ನ ಕೆಳಗಿಡಿ, ಹೊಡೀರಿ ಅಂತೀನಿ!"

"ಸುಮ್ನೆ ಬಿದ್ಕೋ" ಎಂದಳು ಕಾಸಿಲ್ಡಾ.

ವೆಂಡೆಲ್‌ಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ಅವನು ಕಂಬಳಿ ಬಿಡಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕ, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇಲ್ಲದೆ ಭುಜಕ್ಕೆ ಕೆನ್ನೆ ಉಜ್ಜಿದ. ಬೂರಾ ನೋಡುವಷ್ಟು ನೋಡಿ ತನ್ನ ದಾರಿ ಹಿಡಿಯಿತು. ಅದಕ್ಕೂ ಅವನು "ಗ್ರಾಸಿಯಾಸ್" ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಲಿಬ್ರಾದೊ ಗಾಡಿಯವರೆಗೂ ಗೊಣಗುತ್ತಲೇ ಇದ್ದ. ಅವನು ಗೊಣಗುವುದನ್ನು ಕೇಳುತ್ತ ನಡೆದ ಆ ದಾರಿ ನನ್ನ ಬದುಕಿನ ಸುಖದ ದಾರಿಗಳಲ್ಲಿ ಒಂದು.

ಕಾಲು ಕೂಡಿಕೊಂಡಿತು, ಒಂದಿಷ್ಟು ಕುಂಟು ಉಳಿಯಿತು. ಲಿಬ್ರಾದೊ ಈಗ ದೂರದ ಬೇಟೆಗೆ ಬರುವುದಿಲ್ಲ. ನಾನು ಮೊದಲಿಗನಾಗಿ ಕಾಸಿಲ್ಡಾಳ ಮುಂದೆ ನಿಂತು, "ನನಗೂ ಒಂದು ಜೊತೆ ಹೊಲಿದು ಕೊಡಿ, ಕೊಮಾದ್ರೆ. ನನ್ನ ಮಂಡಿಯೂ ಮಾತಾಡ್ತಿದೆ" ಎಂದೆ. ಲಿಬ್ರಾದೊ ಕೇಳಿಸಿಕೊಳ್ಳಲಿ ಎಂದು ಜೋರಾಗಿಯೇ ಹೇಳಿದೆ. ಆಮೇಲೆ ಉಳಿದವರೂ ಕೇಳಿದರು. ಈಗ ನಮ್ಮ ಬಿಡಾರದಲ್ಲಿ ಅದನ್ನು ಯಾರೂ ಜಾಕೀಟಿನೊಳಗೆ ಇಡುವುದಿಲ್ಲ, ಸೊಂಟಕ್ಕೆ ನೇತುಹಾಕಿಕೊಂಡು ಹೋಗುತ್ತೇವೆ.

ಇನ್ನೊಂದು ಪದ್ಧತಿಯೂ ಶುರುವಾಯಿತು. ಇದನ್ನು ಯಾರು ಶುರು ಮಾಡಿದರೆಂದು ಕೇಳಿದರೆ ಎಲ್ಲರೂ ತಾನೇ ಎನ್ನುತ್ತಾರೆ. ಬೆಳಿಗ್ಗೆ ಹೊರಡುವ ಮೊದಲು ನಾವು ಜಾಡುಗಾರರೆಲ್ಲ ಕಾಸಿಲ್ಡಾ ಗುಡಿಸಿದ ಅಂಗಳವನ್ನು ಒಬ್ಬೊಬ್ಬರಾಗಿ ದಾಟುತ್ತೇವೆ. ಬೂಟಿನಲ್ಲಿ ಒಮ್ಮೆ, ಚರ್ಮ ಕಟ್ಟಿ ಒಮ್ಮೆ. ಬೇಟೆಗಾರರನ್ನೂ ದಾಟಿಸುತ್ತೇವೆ. ವೆಂಡೆಲ್ ಮುಂದಿನ ವರ್ಷ ಬಂದಾಗ ಸಾಮಾನು ಇಳಿಸುವ ಮೊದಲೇ ಅಂಗಳದಲ್ಲಿ ನಡೆದಾಡಿ, ತಿರುಗಿ ಆಕೆಯತ್ತ ನೋಡಿ ಗ್ರಾಸಿಯಾಸ್ ಎಂದ. ಆಕೆ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಹೆಜ್ಜೆಯನ್ನೂ ನೋಡಿ ನೆನಪಿಟ್ಟುಕೊಳ್ಳುತ್ತಾಳೆ, ಯಾರಾದರೂ ದಾರಿ ತಪ್ಪಿದರೆ ಹುಡುಕಲು ಬೇಕಲ್ಲ. ಸಂಜೆ ಬಂದವರು ಮತ್ತೆ ದಾಟಬೇಕು. ಎಲ್ಲರ ಹೆಜ್ಜೆಯೂ ಒಳಮುಖವಾಗಿ ಬೀಳುವವರೆಗೆ ಅಂಗಳಕ್ಕೆ ಪೊರಕೆ ತಾಗುವುದಿಲ್ಲ.

ಈ ಸಲ ಒಂದು ಸಂಜೆ ಗಾಡಿ ಮರಳಿನಲ್ಲಿ ಹೂತು ನಾನು ಬರುವಾಗ ತಡವಾಗಿತ್ತು. ಉಳಿದವರೆಲ್ಲ ಉಂಡು ಮಲಗಲು ಹೋಗಿದ್ದರು. ಗುಡಿಸಿ ಆಗಿರುತ್ತದೆ, ನನಗಾಗಿ ಯಾರು ಕಾಯಬೇಕು ಎಂದುಕೊಂಡು ರೂಢಿಯ ಹಾಗೆ ಬೇಲಿಯ ಪಕ್ಕ ಸುತ್ತಿ ಹೊರಟೆ. ಅಡುಗೆಮನೆಯ ಮೆಟ್ಟಿಲ ಮೇಲೆ ಕಾಸಿಲ್ಡಾ ಪೊರಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಲಿಬ್ರಾದೊ ಕೂತಲ್ಲೇ ತೂಕಡಿಸುತ್ತಿದ್ದ.

"ಅತ್ಲಾಗೆ ಎಲ್ಲಿಗೆ ಹೋಗ್ತೀರಿ?" ಎಂದಳು. "ಅಂಗಳದ ಮೇಲೆ ಬನ್ನಿ. ನಿಮ್ಮದೊಂದೇ ಬಾಕಿ."

ನಾನು ದಾಟಿದೆ. ಆಕೆ ನನ್ನ ಮುಖ ನೋಡಲಿಲ್ಲ, ನೆಲವನ್ನೇ ನೋಡಿದಳು. ಆಮೇಲೆ ಎದ್ದು, ನೀರು ಚಿಮುಕಿಸಿ, ಗುಡಿಸತೊಡಗಿದಳು.